ಹಿಟ್ಟಿನ ಕೋಣೆಯ ಕಿಟಕಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೆಚ್ಚಗೆ ಮಲಗುತ್ತಿದ್ದದ್ದು ಇಡ್ಲಿ ಹಿಟ್ಟು. ತಮಾಷೆಗೆ ಹೇಳುತ್ತಿಲ್ಲ. ಅದು ಹೊದ್ದುಕೊಳ್ಳುತ್ತಿದ್ದ ಮೆರೂನ್ ಬಣ್ಣದ ರಜಾಯಿಯನ್ನು ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಕಾಲು ಸೋಲುವಷ್ಟು ಸುತ್ತಿ, ಅಂಗಡಿಯ ಭಯ್ಯಾನ ಜೊತೆ ಗಂಟಲು ಹರಿದುಕೊಂಡು ಚೌಕಾಸಿ ಮಾಡಿ ತಂದವಳು ನಾನು. ತಂದದ್ದು ಅತ್ತೆಗೆಂದು. ಅತ್ತೆ ಅದರ ಮೇಲೆ ಕೈಯಾಡಿಸಿ, "ಒಳ್ಳೇದುಂಟು ಮಾರಾಯ್ತಿ, ಬೆಚ್ಚಗುಂಟು" ಅಂದರು. ಮಾರನೆಯ ದಿನ ನೋಡಿದರೆ ಅದು ಹಿಟ್ಟಿನ ಡ್ರಮ್ಮುಗಳ ಮೇಲಿತ್ತು. ಅತ್ತೆ ತಮ್ಮ ಹಳೆಯ ತೆಳು ಕಂಬಳಿ ಸುತ್ತಿಕೊಂಡು ಪಕ್ಕದ ಮಂಚದಲ್ಲಿ ಕೆಮ್ಮುತ್ತ ಕೂತಿದ್ದರು.

ಆವತ್ತು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂಬ ಮನಸ್ಸೂ ನನಗಿಲ್ಲ. ನಮ್ಮ ಕಡೆ ಸಿಟ್ಟು ಮಾಡುವ ಸೊಸೆಗೆ ಒಳ್ಳೆಯ ಹೆಸರಿಲ್ಲ ಎಂದು ಗೊತ್ತು, ಇರದಿದ್ದರೆ ಬೇಡ.

ನನ್ನ ಮಾವ ಉಡುಪಿಯ ಕಡೆಯಿಂದ ಬಂದು ಜನಕಪುರಿಯ ಮಾರ್ಕೆಟ್ಟಿನಲ್ಲಿ ಒಂದು ಸಣ್ಣ ಹೋಟೆಲು ಹಾಕಿದವರು. ಇಡ್ಲಿ, ವಡೆ, ದೋಸೆ, ಕಾಫಿ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದು ಊರಿಗೆಲ್ಲ ಗೊತ್ತಿರುವ ಹೋಟೆಲಾಗಿತ್ತು. ಭಾನುವಾರ ಬೆಳಿಗ್ಗೆ ಪಂಜಾಬಿ ಕುಟುಂಬಗಳು ಹೊರಗೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದವು. ಆದರೆ ಹೋಟೆಲಿನ ಅಡುಗೆಮನೆಯ ಹಿಂಬದಿ ಗಲ್ಲಿಗೆ ತೆರೆದಿದೆ. ದಿಲ್ಲಿಯ ಚಳಿಗೆ ಅಲ್ಲಿಟ್ಟ ಹಿಟ್ಟು ಹುಳಿ ಬರುವುದಿಲ್ಲ, ಉಬ್ಬುವುದಿಲ್ಲ, ಇಡ್ಲಿ ಕಲ್ಲಾಗುತ್ತದೆ. ಅದಕ್ಕೇ ಮಾವ ಒಂದು ಪದ್ಧತಿ ಮಾಡಿದ್ದರು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ, ಮಧ್ಯಾಹ್ನ ಹೋಟೆಲಿನಲ್ಲಿ ರುಬ್ಬಿದ ಹಿಟ್ಟು ಸಂಜೆಯೊಳಗೆ ಮನೆಗೆ ಬರಬೇಕು. ನಾವಿರುವುದು ಗ್ರೌಂಡ್ ಫ್ಲೋರಿನಲ್ಲಿ. ಅದರ ಹಿಂದಿನ ಕೋಣೆ ಹಿಟ್ಟಿಗೆ. ಬೆಳಗಾಗುವ ಮೊದಲು ಹಿಟ್ಟು ಮತ್ತೆ ಹೋಟೆಲಿಗೆ.

ಮಾವ ತೀರಿಕೊಂಡರು. ಪದ್ಧತಿ ತೀರಿಕೊಳ್ಳಲಿಲ್ಲ. ಅವರ ನಂತರ ಹೋಟೆಲು ನನ್ನ ಗಂಡನದಾಯಿತು, ಆ ಕೋಣೆ ಅತ್ತೆಯದಾಯಿತು. ಅಂದರೆ ಕೋಣೆ ಹಿಟ್ಟಿನದೇ, ಅತ್ತೆಗೆ ಒಂದು ಮಂಚ ಹಾಕಿಕೊಟ್ಟರು. ಎರಡನೆಯ ಮಲಗುವ ಕೋಣೆಯಲ್ಲಿ ನಾನು, ನನ್ನ ಗಂಡ, ಮಗಳು.

ಅತ್ತೆ ಹಿಟ್ಟನ್ನು ನೋಡಿಕೊಳ್ಳುತ್ತಿದ್ದ ರೀತಿಯನ್ನು ನೋಡಿದವರು ಬಾಣಂತನ ಎಂದುಕೊಳ್ಳಬೇಕು. ಡ್ರಮ್ಮುಗಳು ಬಂದ ಕೂಡಲೇ ಕೈ ತೊಳೆದು, ತೋಳಿನವರೆಗೆ ಕೈ ಇಳಿಸಿ ಉಪ್ಪು ಕಲಸುವುದು. ಆಮೇಲೆ ಕಿಟಕಿ. ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಹಿಂದಿ ಪೇಪರು ಮಡಚಿ ತುರುಕಿ, ಮೇಲೆ ಅಗಲದ ಟೇಪು. ಬೇಸಿಗೆಯಲ್ಲಿ ಕೂಲರ್ ಕೂರಿಸುವ ಜಾಗಕ್ಕೆ ಪ್ಲೈವುಡ್ಡು, ಅದರ ಮೇಲೊಂದು ಗೋಣಿ. ಬಾಗಿಲಿನ ಕೆಳಗೆ ಹಳೆಯ ಸೀರೆ. ಇಷ್ಟೂ ಸಾಲದೆಂದು, ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಯುವ ನೀರು ತಂದು ಡ್ರಮ್ಮುಗಳ ನಡುವೆ ಇಡುವುದು. ಮುಚ್ಚಳ ಹಾಕದೆ. ಹಬೆ ಕೋಣೆಯೆಲ್ಲ ತುಂಬಿ ಹಿಟ್ಟಿಗೆ ಬಿಸಿ ತಾಗಬೇಕಲ್ಲ. ನೀರು ಆರಿದರೆ ಇನ್ನೊಂದು ಪಾತ್ರೆ.

"ಹಿಟ್ಟಿಗೆ ಥಂಡಿ ಆಗ್ಬಾರ್ದು" ಎನ್ನುತ್ತಿದ್ದರು. ತಮಗೆ ಥಂಡಿಯಾಗುವುದರ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ.

ಇದರ ಮೇಲೆ ನಮ್ಮ ಊಟ. ದಿಲ್ಲಿಗೆ ಬಂದು ಇಷ್ಟು ಕಾಲವಾದರೂ ನಮ್ಮ ಮನೆಯಲ್ಲಿ ಕುಚ್ಚಲಕ್ಕಿಯೇ ಆಗಬೇಕು. ಕುಕ್ಕರಿನಲ್ಲಿ ಕೂಗಿಸಿದರೆ ರುಚಿ ಇಲ್ಲ. ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ತಕತಕ ಕುದಿಯಬೇಕು, ತಿಳಿ ಬಸಿಯಬೇಕು. ಆ ಹಬೆಯೂ ಮನೆಯೊಳಗೇ. ಮಂಜು ಬಿದ್ದ ದಿನಗಳಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಕೋಣೆಗಳ ನಡುವಿನ ಓಣಿಯಲ್ಲಿ ಹಗ್ಗ ಕಟ್ಟಿ ಒಣಹಾಕುತ್ತಿದ್ದದ್ದೂ ಒಳಗೇ. ಇಷ್ಟು ನೀರನ್ನು ಗಾಳಿಗೆ ಬಿಟ್ಟು ಬಾಗಿಲು ಕಿಟಕಿ ಹಾಕಿಕೊಂಡ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು? ಹೊರಗಿನ ಚಳಿಗೆ ತಣ್ಣಗಾದ ಗೋಡೆಗೆ ಹೋಗಿ ಕೂತಿತು.

ಮೊದಲು ಮಂಚದ ತಲೆಯ ಕಡೆ ಗೋಡೆ ಬೆವರಿದ ಹಾಗೆ ಕಾಣಿಸಿತು. ಆಮೇಲೆ ಬಣ್ಣ ಗುಳ್ಳೆ ಎದ್ದು ಉದುರಿತು. ಆಮೇಲೆ ಮೂಲೆಯಲ್ಲಿ ಕಪ್ಪು ಚುಕ್ಕಿಗಳು, ಅವು ಒಂದಕ್ಕೊಂದು ಕೂಡಿಕೊಂಡು ಸೀಲಿಂಗಿನ ತನಕ ಬೂಷ್ಟು ಹತ್ತಿತು. ಗೋಡೆಗೆ ಒತ್ತಿ ಇಟ್ಟಿದ್ದ ಬೀರುವಿನ ಬೆನ್ನು ತುಕ್ಕು ಹಿಡಿಯಿತು. ಅತ್ತೆಯ ಧಾರೆ ಸೀರೆ ತೆಗೆದರೆ ಅದರ ಮಡಿಕೆಯಲ್ಲಿ ಹಸಿರು ಪುಡಿ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮ, ಅಜ್ಜಿ ಕೆ ರೂಮ್ ಮೆ ಅಜೀಬ್ ಸ್ಮೆಲ್ ಆತಿ ಹೈ, ನಂಗೆ ಅಲ್ಲಿ ಹೋಗೋದು ಬೇಡ" ಎಂದು ಹೊಸ್ತಿಲಲ್ಲೇ ನಿಲ್ಲತೊಡಗಿದಳು.

ಅತ್ತೆಗೆ ಕೆಮ್ಮು ಶುರುವಾದದ್ದು ಆಗಲೇ. ಮೊದಲ ಚಳಿಗಾಲ ಕೆಮ್ಮು, ಎರಡನೆಯ ಚಳಿಗಾಲ ಎದೆಯೊಳಗೆ ಸುಂಯ್ ಎನ್ನುವ ಶಬ್ದ. ಮೂರನೆಯದರ ಹೊತ್ತಿಗೆ ಕೋಣೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತು ಬಾಯಲ್ಲಿ ಉಸಿರೆಳೆಯುತ್ತಿದ್ದರು. ಗೋಡೆ ಹಿಡಿದ ಕೈಯೂ ಒದ್ದೆಯಾಗುತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು.

ದಿಲ್ಲಿಯಲ್ಲಿ ಇದಕ್ಕೆ ಸೀಲನ್ ಎನ್ನುತ್ತಾರೆ. ಗೋಡೆಯ ಯಾವ ತೇವಕ್ಕೂ ಅದೊಂದೇ ಹೆಸರು, ಅದಕ್ಕೊಂದೇ ಕಾರಣ: ಮೇಲಿನವರ ಬಾತ್‌ರೂಮು. ನನ್ನ ಗಂಡನೂ ಹಾಗೆಯೇ ತೀರ್ಮಾನ ಮಾಡಿದರು. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಪಂಜಾಬಿ ಆಂಟಿ, ಒಂಟಿ ಹೆಂಗಸು. ಅವರ ಬಾತ್‌ರೂಮಿನಿಂದ ನೀರು ಸೋರುತ್ತದೆಂದು ಇವರು ಹೋಗಿ ಜಗಳವಾಡಿದರು. ಆಂಟಿ ಪಾಪ, ಪ್ಲಂಬರನ್ನು ಕರೆಸಿ ನೆಲ ಒಡೆಸಿ, ಪೈಪು ಬದಲಿಸಿ, ಹೊಸ ಟೈಲ್ಸ್ ಹಾಕಿಸಿದರು. ನಮ್ಮ ಗೋಡೆ ಒಣಗಲಿಲ್ಲ. ಇವರು ಮತ್ತೆ ಹೋಗಿ, ಕೆಲಸ ಸರಿಯಾಗಿ ಮಾಡಿಸಿಲ್ಲ ಎಂದರು. ಆಂಟಿ ನನ್ನ ಜೊತೆ ಮಾತು ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಹಿಂದೆಲ್ಲ ಚಳಿಗಾಲದಲ್ಲಿ ನಮಗೆ ಗಾಜರ್ ಹಲ್ವಾ ಕಳಿಸುತ್ತಿದ್ದವರು ಅವರು.

ನನಗೆ ಅನುಮಾನ ಮೊದಲಿಂದಲೂ ಇತ್ತು. ಅನುಮಾನವೆಂದರೆ ತಪ್ಪಾದೀತು, ನನಗೆ ಗೊತ್ತಿತ್ತು. ಇಡ್ಲಿ ಬೇಯಿಸುವ ಅಟ್ಟದ ಮುಚ್ಚಳ ತೆಗೆದರೆ ಅದರ ಒಳಮೈಯಿಂದ ನೀರು ತೊಟ್ಟಿಕ್ಕುವುದನ್ನು ನೋಡದ ಹೆಂಗಸು ನಮ್ಮ ಕಡೆ ಇದ್ದಾಳೆಯೇ? ಆ ನೀರು ಇಡ್ಲಿಯ ಮೇಲೆ ಬೀಳಬಾರದೆಂದು ಮುಚ್ಚಳಕ್ಕೆ ಬಟ್ಟೆ ಕಟ್ಟುವುದನ್ನು ನನಗೆ ಕಲಿಸಿದವರೇ ಅತ್ತೆ. ಆ ನೀರು ಮುಚ್ಚಳ ತೂತಾಗಿ ಬಂದದ್ದೆಂದು ಯಾರಾದರೂ ಹೇಳುತ್ತಾರೆಯೇ? ಎರಡು ತಲೆಮಾರು ಹಬೆಯಿಂದಲೇ ಅನ್ನ ತಿಂದ ಮನೆ ನಮ್ಮದು. ಆ ಮನೆಯವರಿಗೆ ತಮ್ಮ ಗೋಡೆಯ ಮೇಲಿನ ಹಬೆ ಗುರುತು ಸಿಗಲಿಲ್ಲ ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೇಳಿದೆ. ಎಷ್ಟು ಸಲ ಹೇಳಿದೆ. "ನೋಡಿ, ಇದು ಮೇಲಿನ ನೀರಲ್ಲ, ಒಳಗಿನದ್ದೇ. ಮಧ್ಯಾಹ್ನ ಬಿಸಿಲು ಬಂದಾಗ ಸ್ವಲ್ಪ ಹೊತ್ತು ಕಿಟಕಿ ತೆಗೆಯುವಾ. ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕ್ಸಿ. ಆ ಬಿಸಿನೀರಿನ ಪಾತ್ರೆಗೆ ಮುಚ್ಚಳ ಮುಚ್ಚುವಾ."

"ನೀನು ಇಂಜಿನಿಯರಾ?" ಎಂದು ಇವರು ಕೇಳಿದರು.

"ಕಿಟಕಿ ತೆಗೆದ್ರೆ ಹಿಟ್ಟು ಉಬ್ಬುದಿಲ್ಲ" ಎಂದರು ಅತ್ತೆ.

ಇವರ ಹತ್ತಿರ ಇನ್ನೊಂದು ಅಸ್ತ್ರವಿತ್ತು, ಮೊಬೈಲು. ಹೊರಗಿನ ಗಾಳಿ ಎಷ್ಟು ಕೆಟ್ಟಿದೆಯೆಂದು ಅದರಲ್ಲಿ ಕೆಂಪು ಬಣ್ಣದಲ್ಲಿ ತೋರಿಸುತ್ತದಲ್ಲ, ಅದನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. "ಈ ಹೊಗೆ ಒಳಗೆ ಬಿಟ್ಕೊಳ್ಬೇಕಾ? ಅಮ್ಮನಿಗೆ ಮೊದ್ಲೇ ಕೆಮ್ಮು." ಅದೂ ಸುಳ್ಳಲ್ಲ. ಈ ಊರಿನ ಮೇಲೆ ನನಗಿರುವ ಸಿಟ್ಟು ಬೇರೆಯೇ. ಕಿಟಕಿ ಹಾಕಿದರೆ ಬೂಷ್ಟು, ತೆಗೆದರೆ ಹೊಗೆ. ಉಸಿರಾಡುವುದಕ್ಕೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವ ಊರಿನಲ್ಲಿ ನಾವು ಮನೆ ಮಾಡಿದ್ದೇವೆ, ಮಕ್ಕಳನ್ನು ಬೆಳೆಸುತ್ತಿದ್ದೇವೆ, ಅದಕ್ಕೆ ಹೆಮ್ಮೆ ಬೇರೆ ಪಡುತ್ತೇವೆ. ಆದರೂ ಗಾಳಿ ಬೀಸಿ ಆಕಾಶ ತುಸು ನೀಲಿಯಾಗುವ ಮಧ್ಯಾಹ್ನಗಳು ಚಳಿಗಾಲದಲ್ಲಿ ಇದ್ದೇ ಇರುತ್ತವೆ. ಅಂಥ ದಿನ ಕಿಟಕಿ ತೆಗೆಯಬಹುದಿತ್ತು. ಅಂಥ ದಿನ ಇವರ ಮೊಬೈಲು ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ.

ಒಂದು ದಿನ ನಾನು ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವಷ್ಟರಲ್ಲಿ ಹಿಟ್ಟಿನ ಕೋಣೆಯಿಂದ ಡ್ರಿಲ್ಲಿಂಗ್ ಶಬ್ದ. ಇವರು ಜನ ಕರೆಸಿ ಒದ್ದೆ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ಕಿನ ಪ್ಯಾನೆಲ್ ಹೊಡೆಸುತ್ತಿದ್ದರು. ಮರದ ಬಣ್ಣ, ಅಂಚಿಗೆ ಚಿನ್ನದ ಪಟ್ಟಿ. ಈಗ ದಿಲ್ಲಿಯಲ್ಲಿ ಸೀಲನ್ ಹಿಡಿದ ಮನೆಗಳಿಗೆಲ್ಲ ಇದೇ ಮದ್ದು. ಕೆಲಸ ಮುಗಿದ ಮೇಲೆ ಇವರು ಕೈಕಟ್ಟಿ ನಿಂತು, "ನೋಡು, ಒಳ್ಳೆ ಲಾಡ್ಜಿನ ರೂಮಿನ ಹಾಗೆ ಆಯ್ತು" ಎಂದರು.

ಇದಕ್ಕೇ ನಮ್ಮಲ್ಲಿ ತಿಪ್ಪೆ ಸಾರಿಸುವುದು ಎನ್ನುತ್ತಾರೆ. ಬೂಷ್ಟು ಕಣ್ಣಿಗೆ ಕಾಣದಾಯಿತು, ಅಷ್ಟೆ. ಪ್ಯಾನೆಲ್ಲಿನ ಹಿಂದೆ ಗಾಳಿಯಿಲ್ಲದೆ, ಬೆಳಕಿಲ್ಲದೆ, ಯಾರೂ ಒರೆಸುವವರಿಲ್ಲದೆ ಅದು ಹಾಯಾಗಿ ಬೆಳೆಯಿತು. ಮುಂಚೆ ವಾರಕ್ಕೊಮ್ಮೆಯಾದರೂ ನಾನು ಬ್ಲೀಚಿಂಗ್ ನೀರಿನಲ್ಲಿ ಗೋಡೆ ಒರೆಸಿ, ಒಣಬಟ್ಟೆಯಲ್ಲಿ ಉಜ್ಜುತ್ತಿದ್ದೆ. ಈಗ ಅದಕ್ಕೂ ದಾರಿಯಿಲ್ಲ. ವಾಸನೆ ಹೆಚ್ಚಾಯಿತು. ಅತ್ತೆಯ ಎದೆಯ ಶಬ್ದ ಅಡುಗೆಮನೆಯ ತನಕ ಕೇಳಿಸತೊಡಗಿತು. ಬಂದ ನೆಂಟರಿಗೆ ಇವರು ಚಿನ್ನದ ಪಟ್ಟಿ ತೋರಿಸಿದರು.

ಆ ಡಿಸೆಂಬರಿನಲ್ಲಿ ಮೇಲಿನ ಆಂಟಿ ಮಗಳ ಮನೆಗೆಂದು ಲುಧಿಯಾನಕ್ಕೆ ಹೋದರು. ಹೋಗುವಾಗ ನೀರಿನ ಮೇನ್ ವಾಲ್ವ್ ಬಂದ್ ಮಾಡಿ, ನಮ್ಮ ಬಾಗಿಲ ಮುಂದೆ ನಿಂತು, ನನಗೆ ಕೇಳುವಂತೆ, "ಅಬ್ ದೇಖ್ ಲೋ" ಎಂದು ಹೇಳಿ ಹೋದರು. ಈಗ ನೋಡಿಕೊಳ್ಳಿ ಎಂದು. ನೋಡಿದೆ. ಮೇಲಿನ ಮನೆಯಲ್ಲಿ ಒಂದು ತೊಟ್ಟು ನೀರಿಲ್ಲ, ನಮ್ಮ ಕಿಟಕಿಯ ಗಾಜಿನ ಒಳಮೈಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಬಟ್ಟೆ ಹಿಂಡುವಷ್ಟು ನೀರು.

ನಾನು ಅತ್ತೆ ಊಟ ಮಾಡುವ ಸ್ಟೀಲ್ ತಟ್ಟೆ ತೆಗೆದುಕೊಂಡು ಹೋಗಿ, ಪ್ಯಾನೆಲ್ ಇಲ್ಲದ ಕಡೆ ಗೋಡೆಗೆ ಬೆನ್ನು ಮಾಡಿ ಇಟ್ಟು, ಅಂಚಿಗೆಲ್ಲ ಅಗಲದ ಟೇಪು ಸುತ್ತಿ ಅಂಟಿಸಿದೆ. ನೀರು ಗೋಡೆಯಿಂದ ಬರುವುದಾದರೆ ತಟ್ಟೆಯ ಬೆನ್ನು ಒದ್ದೆಯಾಗಬೇಕು. ಕೋಣೆಯಿಂದ ಬರುವುದಾದರೆ ಮುಖ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಬೆಳಿಗ್ಗೆ ತಟ್ಟೆಯ ಮುಖದಿಂದ ನೀರು ಸಾಲು ಸಾಲಾಗಿ ಇಳಿಯುತ್ತಿತ್ತು. ಟೇಪು ಕಿತ್ತು ಬೆನ್ನು ನೋಡಿದರೆ ಒಣಗಿ ಖಡಕ್ಕಾಗಿತ್ತು. ಹೋಟೆಲಿಗೆ ಹೊರಟ ಇವರನ್ನು ನಿಲ್ಲಿಸಿ ಎರಡೂ ಬದಿ ತೋರಿಸಿದೆ.

"ಸ್ಟೀಲು ತಣ್ಣಗಿರ್ತದೆ, ಅದ್ಕೆ ನೀರು ಕೂತದ್ದು" ಎಂದರು.

"ಗೋಡೆ ಎಂತ ಬಿಸಿಯಾಗಿ ಉಂಟಾ?"

"ಚಲೋ, ಲೇಟಾಯ್ತು" ಎಂದು ಸ್ಕೂಟರ್ ಹತ್ತಿದರು.

ಅತ್ತೆ ಎಲ್ಲವನ್ನೂ ಮಂಚದಲ್ಲಿ ಕೂತು ನೋಡುತ್ತಿದ್ದರು. ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, "ಊಟದ ತಟ್ಟೆ ಗೋಡೆಗೆ ಅಂಟಿಸ್ತಾರಾ ಯಾರಾದ್ರೂ" ಎಂದರು. ನನಗೆ ಅಳು ಬಂತು, ಸಿಟ್ಟಿನ ಅಳು. ಅತ್ತೆಯ ಉಸಿರಿಗೋಸ್ಕರ ನಾನು ಗಂಡನ ಜೊತೆ, ಊರಿನ ಜೊತೆ, ಗೋಡೆಯ ಜೊತೆ ಗುದ್ದಾಡುತ್ತಿದ್ದರೆ ಅವರಿಗೆ ತಟ್ಟೆಯ ಚಿಂತೆ.

ಜನವರಿಯಲ್ಲಿ ಒಂದು ಸಂಜೆ, ಹಿಟ್ಟಿಗೆ ಉಪ್ಪು ಕಲಸುತ್ತಿದ್ದ ಅತ್ತೆ ಅಲ್ಲೇ ಡ್ರಮ್ಮಿನ ಅಂಚು ಹಿಡಿದು ಕುಸಿದು ಕೂತರು. ತುಟಿ ನೀಲಿಯಾಗಿತ್ತು. ತೋಳಿನ ತನಕ ಹಿಟ್ಟು. ಆಟೋ ಕರೆದು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಆ ಕೈಯ ಹಿಟ್ಟು ನನ್ನ ಶಾಲಿಗೆ ಮೆತ್ತಿಕೊಂಡು ಒಣಗಿತು. ಮಾತಾಡಲು ಉಸಿರಿಲ್ಲದಿದ್ದರೂ ಅವರು ಹೇಳಿದ್ದು ಒಂದೇ ಮಾತು: "ಒಂದು ಡ್ರಮ್ಮಿಗೆ ಉಪ್ಪು ಬಿದ್ದಿಲ್ಲ."

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮೂಗಿಗೆ ಮಾಸ್ಕ್ ಇಟ್ಟು, ಔಷಧಿಯ ಹೊಗೆ ಕೊಟ್ಟು, ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಅತ್ತೆಯ ಕೋಣೆಯ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: "ಮಾತಾಜಿ ಕೆ ಕಮ್ರೆ ಮೆ ಸೀಲನ್ ಹೈ?" ಅಷ್ಟರಲ್ಲಿ ಹೋಟೆಲಿನಿಂದ ಓಡಿ ಬಂದಿದ್ದ ನನ್ನ ಗಂಡ, ದಿಲ್ಲಿಯಲ್ಲಿ ಅದು ಎಲ್ಲರ ಮನೆಯಲ್ಲೂ ಇದೆಯಲ್ಲ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಡಾಕ್ಟರು ನಗಲಿಲ್ಲ. ಕೋಣೆ ಬದಲಿಸಿ, ಇಲ್ಲವಾದರೆ ಇವರನ್ನು ಪ್ರತಿ ತಿಂಗಳೂ ಇಲ್ಲಿಗೆ ಕರೆತರಬೇಕಾಗುತ್ತದೆ, ಒಂದು ಸಲ ತಡವಾಗಲೂಬಹುದು ಎಂದರು.

ನಾನು ಆಡಿದ ಮಾತನ್ನೇ ಅವರು ಆಡಿದ್ದು. ಆದರೆ ಅವರ ಕುತ್ತಿಗೆಯಲ್ಲಿ ಸ್ಟೆತಸ್ಕೋಪಿತ್ತು, ಇವರು ತಲೆಯಾಡಿಸಿದರು.

ಮನೆಗೆ ಬಂದ ಮೇಲೆ ಅತ್ತೆ ಹಟ ಹಿಡಿದರು. ಹಿಟ್ಟನ್ನು ಒಂಟಿ ಬಿಡಬಾರದು. ಉಕ್ಕಿದರೆ ನೋಡುವವರು ಬೇಕು, ಬಿಸಿನೀರು ಬದಲಿಸುವವರು ಬೇಕು. ಮಾವ ಇದ್ದಾಗಿನಿಂದ ಮನೆಯವರೇ ಯಾರಾದರೂ ಅದರ ಪಕ್ಕ ಮಲಗುವುದು. ತಾನು ಹೋದರೆ ಯಾರು? ಇವರು ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮನೆಯ ಕೆಲಸಕ್ಕೆ ಜನ ಸಾಲದಾದಾಗಲೆಲ್ಲ ಅದು ನನ್ನ ಮೇಲೆ ಬಂದು ನಿಲ್ಲುತ್ತದೆ.

"ನಿಮ್ಮ ಮಗ ಮಲಗ್ತಾರೆ" ಎಂದೆ. "ಹಿಟ್ಟು ಅವರ ಹೋಟೆಲಿನದ್ದಲ್ವಾ ಅತ್ತೆ. ನೀವು ಇಲ್ಲಿ ನನ್ನ ಮತ್ತೆ ಮಗಳ ಜೊತೆ ಮಲಗಿ."

ಇವರಿಗೆ ನಾನು ತಮಾಷೆ ಮಾಡುತ್ತಿದ್ದೇನೋ ಎಂದು ಅನುಮಾನ. ನಾನು ಆಗಲೇ ಅವರ ದಿಂಬು, ಹೊದಿಕೆ ಎತ್ತಿಕೊಂಡು ಹೋಗಿ ಹಿಟ್ಟಿನ ಕೋಣೆಯ ಮಂಚಕ್ಕೆ ಹಾಕಿ ಬಂದಿದ್ದೆ. ಡಾಕ್ಟರ ಮಾತು ಇನ್ನೂ ಬಿಸಿಯಾಗಿತ್ತು, ಇವರು ಎದ್ದು ಹಿಟ್ಟಿನ ಕೋಣೆಯ ಕಡೆ ನಡೆದರು.

"ಒಳ್ಳೆ ಲಾಡ್ಜಿನ ರೂಮಿನ ಹಾಗೆ ಉಂಟಲ್ಲ" ಎಂದೆ. ಹೇಳಬಾರದಿತ್ತೇನೋ. ಹೇಳಿದ್ದಕ್ಕೆ ಖುಷಿಯಿದೆ.

ಮೊದಲ ಬೆಳಿಗ್ಗೆ ಎದ್ದು ಬಂದು, "ದಿಂಬೆಲ್ಲ ಎಂತಕ್ಕೆ ಒದ್ದೆ ಒದ್ದೆ?" ಎಂದು ಕೇಳಿದರು. ನಾನು ಕಾಫಿ ಲೋಟ ಮುಂದಿಟ್ಟೆ. ಮರುದಿನ, ತಲೆಭಾರ. ಅದರ ಮರುದಿನ, ಪ್ಯಾನೆಲ್ಲಿನ ಹಿಂದೆ ಏನೋ ಸತ್ತ ಹಾಗೆ ವಾಸನೆ ಬರುತ್ತದೆ, ಇಲಿಯೇ ಇರಬೇಕು ಎಂದರು. ಇಲಿಯಲ್ಲ ಎಂದೆ. ವಾರ ಕಳೆಯುವುದರೊಳಗೆ ಕೆಮ್ಮು ಹಿಡಿಯಿತು. ಸಣ್ಣ ಕೆಮ್ಮೇನೂ ಅಲ್ಲ, ಗೋಡೆಯಾಚೆಗೆ ಕೇಳುವಂಥದ್ದು.

ಇತ್ತ ಅತ್ತೆ ನನ್ನ ಮಗಳ ಪಕ್ಕದಲ್ಲಿ, ಮೆರೂನ್ ರಜಾಯಿ ಹೊದ್ದು ಮಲಗುತ್ತಿದ್ದರು. ಅದನ್ನು ಡ್ರಮ್ಮಿನ ಮೇಲಿಂದ ಕಿತ್ತು ತಂದು, ಟೆರೇಸಿನಲ್ಲಿ ಬಿಸಿಲಿಗೆ ಹಾಕಿ, ಹುಳಿ ವಾಸನೆ ಹೋಗುವವರೆಗೆ ಬಡಿದಿದ್ದೆ. ನಮ್ಮ ಕೋಣೆ ಬೀದಿಯ ಕಡೆಗಿದೆ, ಗೋಡೆ ಒಣಗಿರುತ್ತದೆ. ಅವರ ಎದೆಯ ಸುಂಯ್ ಶಬ್ದ ದಿನದಿಂದ ದಿನಕ್ಕೆ ತಗ್ಗುತ್ತಿತ್ತು. ಊಟಕ್ಕೆ ಕರೆದರೆ ಒಂದೇ ಉಸಿರಿನಲ್ಲಿ "ಬಂದೆ" ಎನ್ನುವಷ್ಟು. ಇನ್ನೊಂದು ವಾರ ಹೀಗೇ ನಡೆದರೆ ಇವರೇ ಎಕ್ಸಾಸ್ಟ್ ಫ್ಯಾನ್ ತರುತ್ತಾರೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ನನ್ನ ಲೆಕ್ಕದಲ್ಲಿ ಅತ್ತೆಯನ್ನು ಸೇರಿಸಿಕೊಂಡಿರಲಿಲ್ಲ.

ಒಂದು ದಿನ ಬೆಳಕು ಹರಿಯುವ ಮೊದಲೇ ಹಾಲಿಗೆಂದು ಬಾಗಿಲು ತೆಗೆದು, ಪ್ಯಾಕೆಟ್ಟು ಎತ್ತಿಕೊಂಡು ಒಳಗೆ ಬಂದೆ. ಹಿಟ್ಟಿನ ಕೋಣೆಯಿಂದ ಪರಪರ ಸದ್ದು. ಹೋಗಿ ನೋಡಿದರೆ ಅತ್ತೆ ಕಿಟಕಿಯ ಮುಂದೆ ನಿಂತಿದ್ದರು. ಟೇಪನ್ನು ಉಗುರಿನಿಂದ ಎಬ್ಬಿಸಿ ಎಳೆಯುತ್ತಿದ್ದರು, ಒದ್ದೆಯಾಗಿ ಮುದ್ದೆಯಾದ ಪೇಪರನ್ನು ಸಂದಿಯಿಂದ ಕಿತ್ತು ನೆಲಕ್ಕೆ ಬಿಸಾಡುತ್ತಿದ್ದರು. ಮಂಚದಲ್ಲಿ ನನ್ನ ಗಂಡ ಇನ್ನೂ ಮಲಗಿದ್ದರು, ನಿದ್ದೆಯಲ್ಲೇ ಕೆಮ್ಮುತ್ತ. ಚಿಲಕ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಅತ್ತೆ ಚಪ್ಪಲಿಯಿಂದ ಎರಡು ಹೊಡೆದು ಅದನ್ನು ಬಿಡಿಸಿ, ಎರಡೂ ಬಾಗಿಲನ್ನು ಅಗಲಿಸಿ ತೆರೆದರು. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

"ಅತ್ತೆ, ಹಿಟ್ಟು?" ಎಂದೆ. ಡ್ರಮ್ಮುಗಳು ಇನ್ನೂ ಅಲ್ಲೇ ಇದ್ದವು, ಹಿಟ್ಟು ಪೂರ್ತಿ ಎದ್ದಿರಲಿಲ್ಲ.

"ಹಾಳಾಗ್ಲಿ ಹಿಟ್ಟು. ಅವ ಕೆಮ್ಮುದು ನಿಂಗೆ ಕೇಳುದಿಲ್ವಾ?"

ಮೂರು ಚಳಿಗಾಲ ನಾನು ಈ ಮಾತಿಗೆ ಕಾದಿದ್ದೆ. ಹಾಳಾಗಲಿ ಹಿಟ್ಟು ಎಂಬ ಮಾತು ಆ ಬಾಯಿಂದ ಒಮ್ಮೆ ಬಂದರೆ ಸಾಕೆಂದು ದೇವರಿಗೆ ಹೇಳಿಕೊಂಡದ್ದೂ ಉಂಟು. ಬಂತು. ಬಂದದ್ದು ಯಾರಿಗೋಸ್ಕರ ಎಂದು ಅರ್ಥವಾದಾಗ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನು ಎಲ್ಲಿಗಾದರೂ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಒಲೆಯ ಮೇಲೆ ಕಾಯಲಿಟ್ಟೆ.

ಆಮೇಲಿನದೆಲ್ಲ ಎಷ್ಟು ಸಲೀಸಾಗಿ ಆಯಿತೆಂದರೆ, ಹೇಳುವುದಕ್ಕೇ ನಾಚಿಕೆ. ಅಂದು ಹೋಟೆಲಿನಲ್ಲಿ ಇಡ್ಲಿ ಇಲ್ಲ, ಬರೀ ದೋಸೆ, ವಡೆ. ಯಾರೂ ಮುನಿಸಿಕೊಂಡು ಹೋಗಲಿಲ್ಲ. ಸಂಜೆಗೆ ಎಲೆಕ್ಟ್ರಿಶಿಯನ್ ಬಂದು ಅಡುಗೆಮನೆಗೂ ಹಿಂದಿನ ಕೋಣೆಗೂ ಎಕ್ಸಾಸ್ಟ್ ಫ್ಯಾನ್ ಕೂರಿಸಿದ. ಇವರು ಗುಜರಿ ಮಾರುವ ಕಬಾಡಿಯವನ ಹತ್ತಿರ ಕೆಟ್ಟುಹೋದ ದೊಡ್ಡ ಫ್ರಿಜ್ಜೊಂದನ್ನು ಕೊಂಡು ಹೋಟೆಲಿನ ಹಿಂಬದಿಯಲ್ಲಿಟ್ಟು, ಬಿಸಿಗೆಂದು ಒಳಗೊಂದು ಬಲ್ಬ್ ಉರಿಸಿ, ಹಿಟ್ಟನ್ನು ಅದರೊಳಗೆ ಇಟ್ಟರು. ಹಿಟ್ಟು ಅಲ್ಲೇ ಉಬ್ಬಿತು, ಮನೆಗಿಂತ ಚೆನ್ನಾಗಿ. ಈ ಉಪಾಯ ಇವರಿಗೆ ತಟ್ಟನೆ ಹೊಳೆಯಿತಂತೆ, ಒಂದು ವಾರ ಕೆಮ್ಮಿದ ಮೇಲೆ.

ಪ್ಯಾನೆಲ್ ಕೀಳಿಸಿದಾಗ ನಾನು ಮೇಲಿನ ಆಂಟಿಯನ್ನೂ ಕರೆದೆ. ಲುಧಿಯಾನದಿಂದ ವಾಪಸು ಬಂದಿದ್ದರು. ಚಿನ್ನದ ಪಟ್ಟಿಯ ಹಿಂದೆ ಗೋಡೆಯೇ ಕಾಣುತ್ತಿರಲಿಲ್ಲ, ಬರೀ ಕಪ್ಪು. ಆಂಟಿ ನನ್ನ ಗಂಡನ ಮುಖವನ್ನೇ ನೋಡುತ್ತ ನಿಂತರು. ಇವರು ಕ್ಷಮೆ ಕೇಳುತ್ತಾರೇನೋ ಎಂದು ನಾನೂ ಕಾದೆ. "ಅಚ್ಛಾ, ಚಾಯ್ ಪೀಕೆ ಜಾಯಿಯೇ" ಎಂದರು, ಅಷ್ಟೇ. ಆಂಟಿ ಕುಡಿಯದೆ ಹೋದರು. ಹೋಗಲಿ, ನಾನೂ ಅದನ್ನೇ ಮಾಡುತ್ತಿದ್ದೆ.

ಗೋಡೆ ಒಣಗಲು ಬೇಸಿಗೆಯವರೆಗೆ ಸಮಯ ಹಿಡಿಯಿತು. ಈಗ ಬೀರು ಗೋಡೆಯಿಂದ ಒಂದು ಗೇಣು ಈಚೆಗೆ ನಿಂತಿದೆ. ಕುಚ್ಚಲಕ್ಕಿ ಬೇಯುವಾಗ ಪಾತ್ರೆಗೆ ಮುಚ್ಚಳವಿದೆ, ಮೇಲೆ ಫ್ಯಾನ್ ತಿರುಗುತ್ತದೆ. ಬಟ್ಟೆ ಟೆರೇಸಿನಲ್ಲೇ ಒಣಗಬೇಕು, ಎರಡು ದಿನ ಹಿಡಿದರೂ ಸರಿ. ಆಕಾಶ ತಿಳಿಯಾದ ಮಧ್ಯಾಹ್ನ ಮನೆಯ ಎದುರು ಬದುರು ಕಿಟಕಿಗಳನ್ನು ಸ್ವಲ್ಪ ಹೊತ್ತು ತೆರೆದು ಗಾಳಿ ಹಾಯಿಸುತ್ತೇನೆ, ಹೊಗೆ ಕವಿದ ದಿನ ಇಲ್ಲ. ಅತ್ತೆಯ ಎದೆ ಮಾತ್ರ ಮೊದಲಿನಂತಾಗಲಿಲ್ಲ. ಹೋದದ್ದಷ್ಟು ಹೋಯಿತು, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ದಿನಕ್ಕೆ ಎರಡು ಸಲ ಇನ್‌ಹೇಲರ್ ಎಳೆಯುತ್ತಾರೆ. ಇವರ ಕೆಮ್ಮು ನಾಲ್ಕೇ ದಿನದಲ್ಲಿ ನಿಂತಿತು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಅತ್ತೆ ಅದೇ ಹಿಂದಿನ ಕೋಣೆಯ ಕಿಟಕಿಯ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಬಿಡಿಸುತ್ತಿದ್ದರು. ಕೋಣೆಗೆ ಬಿಳಿ ಸುಣ್ಣ, ಬೇರೇನೂ ಇಲ್ಲ. ನಾನೂ ಎದುರು ಕೂತು ಬಿಡಿಸುತ್ತಿದ್ದೆ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಅತ್ತೆ, ಅಷ್ಟು ವರ್ಷ ನೀವು ಇಲ್ಲೇ ಕೂತು ಕೆಮ್ಮಿದ್ರಲ್ಲ. ಒಂದು ದಿನ ಆದ್ರೂ ನೀವೇ ಯಾಕೆ ಈ ಕಿಟಕಿ ತೆಗೀಲಿಲ್ಲ?"

ಅವರು ಬಟಾಣಿಯಿಂದ ಕಣ್ಣೆತ್ತಲಿಲ್ಲ. "ನಾನು ಕೆಮ್ಮಿದ್ದು ಯಾರಿಗೆ ಕೇಳ್ತಿತ್ತು?"

"ನನಗೆ ಕೇಳ್ತಿತ್ತು ಅತ್ತೆ."

ಸಿಪ್ಪೆಯೊಂದನ್ನು ಬಿಡಿಸಿ, ಕಾಳುಗಳನ್ನು ತಟ್ಟೆಗೆ ಉದುರಿಸಿದರು. ಅದೇ ಸ್ಟೀಲ್ ತಟ್ಟೆ.

"ನಿಂಗೆ ಕೇಳಿ ಎಂತ ಆಗುದು ಮಾರಾಯ್ತಿ. ಕಿಟಕಿ ನಿಂದಾ, ನಂದಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಪೇಟೆಗೆ ಯಾವ ದಾರಿ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದರು. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗಿದೆ, ಮಾಡುತ್ತಿದ್ದೇನೆ. ಎದ್ದು ಹೋಗಿ, ಅರ್ಧ ತೆರೆದಿದ್ದ ಕಿಟಕಿಯ ಇನ್ನೊಂದು ಬಾಗಿಲನ್ನೂ ಪೂರ್ತಿ ತೆಗೆದೆ. ಅತ್ತೆ ಶಾಲನ್ನು ಕಿವಿಯ ಮೇಲೆ ಎಳೆದುಕೊಂಡರು, ಕಿಟಕಿ ಹಾಕು ಎಂದು ಮಾತ್ರ ಹೇಳಲಿಲ್ಲ.